ಬೂದಿ ಮುಚ್ಚಿದ ಕೆಂಡ

ಪರೀಕ್ಷೆ ಮುಗಿದೊಡನೆ ಬೆಳುವಾಯಿ, ಮೂಡುಬಿದಿರೆ ಕಡೆಯ ಹುಡುಗರಿಗೆ ಘಟ್ಟ ಹತ್ತುವ ಹುಮ್ಮಸ್ಸು. ರಾತ್ರಿ ಶಿಬಿರಾಗ್ನಿ ಬೇಕೆನ್ನುವುದೂ ಸಹಜ. ಆದರೆ ಬೇಸಗೆಯ ಕಾಡಿನಲ್ಲಿ ಅದು ಬೇಡವೆನ್ನಲು ವಿಜ್ಞಾನದ ಕಾರಣವಿದೆ.

ಬೆಂಕಿಗೆ ಬೇಕಾದವು ಮೂರು: ಇಂಧನ, ಆಮ್ಲಜನಕ, ಶಾಖ. ಬೇಸಗೆಯಲ್ಲಿ ಕುದುರೆಮುಖದ ಗುಡ್ಡಗಳ ಹುಲ್ಲು ಒಣಗಿರುತ್ತದೆ. ತೆಳು ಎಸಳಿಗೆ ಸುತ್ತಲೂ ಗಾಳಿ ತಾಗುವುದರಿಂದ ಒಂದು ಕಿಡಿ ಸಾಕು. ಇಳಿಜಾರಿನಲ್ಲಿ ಜ್ವಾಲೆಯು ಮೇಲಿನ ಹುಲ್ಲನ್ನು ಮೊದಲೇ ಕಾಯಿಸುತ್ತದೆ. ಹಾಗಾಗಿ ಬೆಂಕಿ ಮನುಷ್ಯನಿಗಿಂತ ಬೇಗ ಗುಡ್ಡ ಏರಬಲ್ಲದು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು.

ಆರಿದಂತೆ ಕಂಡ ಬೆಂಕಿ ಆರಿರಬೇಕೆಂದಿಲ್ಲ. ಬೂದಿಯು ಶಾಖ ಹೊರಹೋಗದಂತೆ ತಡೆಯುವ ಹೊದಿಕೆ. ಅದರಡಿ ಗಂಟೆಗಟ್ಟಲೆ ಉಳಿದ ಕೆಂಡ, ಗಾಳಿ ಬೀಸಿದಾಗ ಕಿಡಿ ಹಾರಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ರಾಷ್ಟ್ರೀಯ ಉದ್ಯಾನಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದಷ್ಟೇ ಅಲ್ಲ, ಉರಿಯುವುದನ್ನು ಬಿಟ್ಟುಹೋಗುವುದೂ ಅಪರಾಧ.

ಶಿಬಿರಾಗ್ನಿ ಶಾಲೆಯ ಮೈದಾನದಲ್ಲಿರಲಿ. ಅಲ್ಲೂ ಕೊನೆಗೆ ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ನೀರು ಸುರಿಯಬೇಕು. ಹತ್ತಿರ ಹಿಡಿದ ಹಿಂಗೈಗೆ ಬಿಸಿ ತಟ್ಟಬಾರದು. ಘಟ್ಟಕ್ಕೆ ಹೊರಟ ಮಕ್ಕಳ ಚೀಲದಲ್ಲಿ ಹೆತ್ತವರು ಬೆಂಕಿಪೊಟ್ಟಣದ ಬದಲು ಟಾರ್ಚ್ ಇಟ್ಟರೆ ಒಳಿತು.