ಸೀಟು ಕೊಟ್ಟರೆ ಸಾಲದು, ಸೂರೂ ಬೇಕು

ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್; ಹೈದರಾಬಾದಿಗೆ 140ರ ಆಸುಪಾಸು. ಕಲಬುರಗಿ, ಯಾದಗಿರಿ, ರಾಯಚೂರಿನವರಿಗೂ ತಮ್ಮ ರಾಜಧಾನಿಗಿಂತ ಹೈದರಾಬಾದೇ ಹತ್ತಿರ. 1956ರಲ್ಲಿ ನಿಜಾಮರ ಹಳೆಯ ಸೀಮೆ ಮೂರು ರಾಜ್ಯಗಳಿಗೆ ಹಂಚಿಹೋದರೂ ಓದಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಅತ್ತ ಹೋಗುವ ರೂಢಿ ತಪ್ಪಲಿಲ್ಲ. ಇಂದಿಗೂ ಈ ಜಿಲ್ಲೆಗಳ ಹುಡುಗ ಹುಡುಗಿಯರು ಅಮೀರ್‌ಪೇಟೆಯ ಕಂಪ್ಯೂಟರ್ ತರಬೇತಿಗೆ, ದಿಲ್‌ಸುಖ್‌ನಗರದ ಕೋಚಿಂಗಿಗೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ತರಗತಿಗಳಿಗೆ ಹೋಗುತ್ತಾರೆ. ಪ್ರವೇಶ ಪರೀಕ್ಷೆ ಗೆದ್ದು, ಶುಲ್ಕ ಕಟ್ಟಿ, ಸೀಟು ಹಿಡಿದ ಮೇಲೆ ಇನ್ನೊಂದು ಪರೀಕ್ಷೆ ಅವರಿಗಾಗಿ ಕಾದಿರುತ್ತದೆ. ಟು-ಲೆಟ್ ಬೋರ್ಡು ಕಂಡ ಗೇಟಿನ ಮುಂದೆ ನಿಂತು, ವಾಚ್‌ಮನ್ ಕೇಳುವ ಮೊದಲ ಪ್ರಶ್ನೆಗೆ ಉತ್ತರ ಕೊಡಬೇಕು: ಫ್ಯಾಮಿಲಿಯಾ, ಬ್ಯಾಚುಲರ್ಸಾ?

ಓದಲು ಬಂದವರಿಗೆ ಮನೆ ಸಿಗುವುದೂ ಸಿಗದಿರುವುದೂ ಮನೆಯೊಡೆಯ ಮತ್ತು ಬಾಡಿಗೆದಾರನ ಖಾಸಗಿ ವ್ಯವಹಾರ ಎಂದೇ ನಾವು ಬಹುಕಾಲ ಭಾವಿಸಿದ್ದೇವೆ. ಈ ಭಾವನೆ ಸರಿಯಲ್ಲ. ಇರಲು ಜಾಗವಿಲ್ಲದವನಿಗೆ ಓದುವ ಹಕ್ಕು ಕಾಗದದ ಮೇಲಷ್ಟೇ ಇರುತ್ತದೆ. ಆದ್ದರಿಂದ ವಿದ್ಯಾರ್ಥಿಯ ವಸತಿ ಶಿಕ್ಷಣದ ಭಾಗ, ಅದಕ್ಕೊಂದು ಸಾರ್ವಜನಿಕ ಹೊಣೆ ಇದೆ ಎಂಬುದೇ ನನ್ನ ವಾದ.

ಈ ಮಾತು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆ ಕನ್ನಡದ ಎಷ್ಟೋ ಆತ್ಮಚರಿತ್ರೆಗಳಲ್ಲಿದೆ. ಸಿದ್ಧಗಂಗೆಯಂಥ ಮಠಗಳು ಅನ್ನ, ಆಸರೆ, ಅಕ್ಷರ ಮೂರನ್ನೂ ಒಟ್ಟಿಗೆ ಕೊಟ್ಟವು. ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದ 1918ರಲ್ಲೇ ಹೈದರಾಬಾದಿನಲ್ಲಿ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರ ಮುಂದಾಳುತನದಲ್ಲಿ ರೆಡ್ಡಿ ಹಾಸ್ಟೆಲ್ ಹುಟ್ಟಿತು. ಹಳ್ಳಿಯ ಹುಡುಗನಿಗೆ ನಗರದಲ್ಲಿ ಮಲಗಲು ಜಾಗವಿಲ್ಲದಿದ್ದರೆ ಕಾಲೇಜು ಇದ್ದೂ ಇಲ್ಲದಂತೆ ಎಂಬುದನ್ನು ಆ ತಲೆಮಾರು ಚೆನ್ನಾಗಿ ಅರಿತಿತ್ತು. ಆದರೆ ಅಂದಿನ ಹಲವು ಆಸರೆಗಳಿಗೆ ಜಾತಿಯ ಹೊಸ್ತಿಲಿತ್ತು. ವಾರಾನ್ನದ ಎಲೆ ಎಲ್ಲರಿಗೂ ಬೀಳುತ್ತಿರಲಿಲ್ಲ. ಸ್ವಂತ ಹಾಸ್ಟೆಲು ಕಟ್ಟುವ ಬಲವಿಲ್ಲದ ಸಮುದಾಯಗಳ ಮಕ್ಕಳು ಹೊರಗೇ ಉಳಿದರು. ಆ ಕೊರತೆಯನ್ನು ತುಂಬಲು ಸರ್ಕಾರವೇ ಮುಂದಾಗಬೇಕಾಯಿತು. ಕರ್ನಾಟಕದಲ್ಲಿ ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಕಾಲದಲ್ಲಿ ಬೆಳೆದ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಒಂದು ಇಡೀ ತಲೆಮಾರನ್ನು ಓದಿಸಿದವು.

ಈಗ ಕಾಲೇಜುಗಳು ಬೆಳೆದ ವೇಗದಲ್ಲಿ ಹಾಸ್ಟೆಲುಗಳು ಬೆಳೆದಿಲ್ಲ. ಉಳಿದ ಜಾಗವನ್ನು ಮಾರುಕಟ್ಟೆ ತುಂಬಿದೆ. ಹೈದರಾಬಾದಿನಲ್ಲಿ ಹಾಸ್ಟೆಲು ಎಂದರೆ ಹೆಚ್ಚಾಗಿ ಖಾಸಗಿ ಪಿಜಿ: ಒಂದು ಕೋಣೆ, ಮೂರೋ ನಾಲ್ಕೋ ಮಂಚ, ಗೋಡೆಗೊಂದು ಕಬ್ಬಿಣದ ಬೀರು. ಅದು ಹಿಡಿಸದವರು ಗೆಳೆಯರೊಂದಿಗೆ ಸೇರಿ ಮಹಡಿಯ ಮೇಲಿನ ಖೋಲಿ ಹಿಡಿಯುತ್ತಾರೆ. ಏಪ್ರಿಲ್ ತಿಂಗಳಲ್ಲಿ, ಪರೀಕ್ಷೆಯ ಹೊತ್ತಿಗೆ ಸರಿಯಾಗಿ, ಅದರ ಚಾವಣಿ ಕಾಯತೊಡಗುತ್ತದೆ. ಇಷ್ಟಕ್ಕೂ ಅವರು ಸಿದ್ಧರಿರುತ್ತಾರೆ. ಬಾಗಿಲು ತೆರೆಯುವವರು ಬೇಕಲ್ಲ!

ಮನೆಯೊಡೆಯರ ಮಾತನ್ನೂ ನ್ಯಾಯವಾಗಿ ಕೇಳಬೇಕು. ನಿವೃತ್ತಿಯ ಹಣದಲ್ಲಿ ಮೇಲೊಂದು ಮಹಡಿ ಕಟ್ಟಿ, ಅದರ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ಹಿರಿಯರಿದ್ದಾರೆ. ರಾತ್ರಿಯ ಗದ್ದಲ, ಬಾಕಿ ಉಳಿಯುವ ಕರೆಂಟ್ ಬಿಲ್ಲು, ಹೇಳದೆ ಕೇಳದೆ ಖಾಲಿ ಮಾಡಿಹೋಗುವ ಹುಡುಗರು ಇವರ ಕಲ್ಪನೆಯಲ್ಲಷ್ಟೇ ಇಲ್ಲ. ಬಿಡದ ಬಾಡಿಗೆದಾರನ ಮೇಲೆ ಮೊಕದ್ದಮೆ ಹೂಡಿದರೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕೆಂಬ ಅಂಜಿಕೆಯೂ ಸುಳ್ಳಲ್ಲ. ಅದೇ ಅಂಜಿಕೆಯಿಂದ ಮನೆಯನ್ನು ಬೀಗ ಹಾಕಿಡುವವರೂ ಇದ್ದಾರೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಒಂದು ಕೋಟಿಗೂ ಮೇಲ್ಪಟ್ಟ ಮನೆಗಳು ಖಾಲಿ ಬಿದ್ದಿದ್ದವು. ಅಂದರೆ ಬಾಡಿಗೆದಾರನಿಗೆ ಭದ್ರತೆ ಇಲ್ಲದಿರುವಂತೆಯೇ ಒಡೆಯನಿಗೂ ಭರವಸೆ ಇಲ್ಲ.

ಆದರೂ ನಡತೆಯನ್ನು ನೋಡಿ ನಿರಾಕರಿಸುವುದು ಬೇರೆ, ಗುರುತನ್ನು ನೋಡಿ ನಿರಾಕರಿಸುವುದು ಬೇರೆ. ಗದ್ದಲ ಮಾಡಿದವನನ್ನು ಬಿಡಿಸುವ ಹಕ್ಕು ಒಡೆಯನಿಗಿರಲಿ. ಮದುವೆಯಾಗಿಲ್ಲ ಎಂಬುದು ಅಪರಾಧವಾಗಬಾರದು. ಇಲ್ಲಿಗೇ ಪ್ರಶ್ನೆಗಳು ನಿಲ್ಲುವುದೂ ಇಲ್ಲ. ಊರು ಯಾವುದು, ಅಡ್ಡಹೆಸರು ಏನು, ಮಾಂಸ ತಿನ್ನುತ್ತೀರಾ ಎಂದು ಮುಂದುವರಿಯುತ್ತವೆ. ಅಡುಗೆಯ ನೆಪದಲ್ಲಿ ಕೇಳುವುದು ಜಾತಿಯನ್ನು ಎಂದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಅದರ ಸುತ್ತಲಿನ ನಗರಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಮನೆ ಕೇಳಿಕೊಂಡು ಹೋದ ದಲಿತರಿಗೂ ಮುಸ್ಲಿಮರಿಗೂ ಎಷ್ಟು ಸಲೀಸಾಗಿ ಬಾಗಿಲು ಮುಚ್ಚುತ್ತದೆ ಎಂಬುದನ್ನು ತೋರಿಸಿತು. ಅದು ದೆಹಲಿಯ ಮಾತಷ್ಟೇ ಎಂದುಕೊಳ್ಳಲು ದಕ್ಷಿಣದವರಾದ ನಮಗೆ ಧೈರ್ಯವಾಗಬಾರದು. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆಯದು. ಮನೆ ಸಿಗುತ್ತದೆ, ಜೊತೆಗೆ ಗೇಟು ಮುಚ್ಚುವ ಹೊತ್ತೂ ಸಿಗುತ್ತದೆ. ಅದೇ ತರಗತಿಯ ಹುಡುಗ ಗ್ರಂಥಾಲಯ ಮುಚ್ಚುವವರೆಗೆ ಓದುತ್ತಾನೆ; ಆಕೆ ಅರ್ಧಕ್ಕೇ ಪುಸ್ತಕ ಮಡಚಬೇಕು. ಅಂಕಪಟ್ಟಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ಬುದ್ಧಿಯಲ್ಲಿ ಕಾರಣ ಹುಡುಕುವ ಮುನ್ನ ಈ ಗೇಟಿನತ್ತ ನೋಡಬೇಕು.

ಹಣದ ಲೆಕ್ಕವೂ ಇದೆ. ಬೆಂಗಳೂರಿನಲ್ಲಿ ಬಹುಕಾಲ ನಡೆದುಬಂದ ಹತ್ತು ತಿಂಗಳ ಅಡ್ವಾನ್ಸಿಗೆ ಹೋಲಿಸಿದರೆ ಹೈದರಾಬಾದ್ ಉದಾರ ನಗರವೇ. ಆದರೆ ಅಡ್ವಾನ್ಸು ಕೊಡುವಾಗಿನ ಕಷ್ಟಕ್ಕಿಂತ ವಾಪಸು ಪಡೆಯುವಾಗಿನದು ದೊಡ್ಡದು. ಬಣ್ಣದ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಎರಡೂ ನಗರಗಳಲ್ಲಿ ರೂಢಿ. ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದೇ ತಿಂಗಳದ್ದಾಗಿರುವುದಕ್ಕೂ ಕಾರಣವಿದೆ: 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಆ ಖರ್ಚು ತಪ್ಪಿಸಲು ಒಂದು ತಿಂಗಳು ಕಡಿತ. ಹದಿನೆಂಟು ತುಂಬಿದ ಹುಡುಗ ತನ್ನ ಜೀವನದ ಮೊದಲ ಕರಾರಿಗೆ ಸಹಿ ಹಾಕುವುದು ಬಹುಪಾಲು ಇಲ್ಲೇ, ಅದೂ ಓದದೆ. ಎಷ್ಟೋ ಮಂದಿಗೆ ಆ ಕಾಗದವೂ ಇಲ್ಲ, ಬಾಯಿಮಾತೇ ಎಲ್ಲ.

ಪರಿಹಾರದ ಕರಡು ಈಗಾಗಲೇ ನಮ್ಮ ಮುಂದಿದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಲಿಖಿತ ಕರಾರು ಕಡ್ಡಾಯ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. 24 ಗಂಟೆ ಮುಂಚೆ ತಿಳಿಸದೆ ಒಡೆಯ ಒಳಬರುವಂತಿಲ್ಲ. ಜಗಳವಾದರೆ ನೀರು, ವಿದ್ಯುತ್ತು ನಿಲ್ಲಿಸುವಂತಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಗೋಡೆಗೆ ಸುಣ್ಣ ಹೊಡೆಸುವುದು ಒಡೆಯನ ಕೆಲಸವೇ. ಅವಧಿ ಮುಗಿದ ಮೇಲೂ ಮನೆ ಬಿಡದವನಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ವಿಧಿಸಿ ಒಡೆಯನ ಅಂಜಿಕೆಗೂ ಅದು ಉತ್ತರ ಕೊಟ್ಟಿದೆ. ಆದರೆ ಇದು ಮಾದರಿಯಷ್ಟೇ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಜಾರಿಯಾಗದು. ಗುರುತು ನೋಡಿ ಮನೆ ನಿರಾಕರಿಸುವುದರ ಬಗ್ಗೆ ಅದು ಮೌನವಾಗಿದೆ. ಅದನ್ನು ತನ್ನ ಕಾನೂನಾಗಿಸಿಕೊಳ್ಳುವ ರಾಜ್ಯ ಆ ಮೌನವನ್ನೂ ಮುರಿಯಬೇಕು.

ಕಾನೂನು ಬರುವವರೆಗೆ ವಿಶ್ವವಿದ್ಯಾಲಯಗಳು ಕಾಯಬೇಕಿಲ್ಲ. ಇಷ್ಟು ಸೀಟು ಎಂದು ಪ್ರಕಟಿಸುವ ಕಾಲೇಜು ಇಷ್ಟು ಹಾಸಿಗೆ ಎಂದೂ ಪ್ರಕಟಿಸಲಿ. ಸುತ್ತಲಿನ ಮನೆಗಳ ಪಟ್ಟಿ ಇಟ್ಟು, ತೆಲುಗು, ಉರ್ದು, ಕನ್ನಡ, ಇಂಗ್ಲಿಷಿನಲ್ಲಿ ಒಂದು ಸರಳ ಕರಾರು ನಮೂನೆ ಸಿದ್ಧಪಡಿಸಿ, ವಿದ್ಯಾರ್ಥಿಯ ಪರವಾಗಿ ಒಂದು ಪರಿಚಯ ಪತ್ರ ಕೊಟ್ಟರೆ ಒಡೆಯನ ಅರ್ಧ ಸಂಶಯ ಅಲ್ಲೇ ಕರಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ-ವಸತಿಗೆಂದು (ಆರಂಭದಲ್ಲಿ ತಿಂಗಳಿಗೆ 1500 ರೂಪಾಯಿ) ನೆರವು ಕೊಡುವ ವಿದ್ಯಾಸಿರಿ ಯೋಜನೆ ತಂದಾಗಲೇ ಕರ್ನಾಟಕ ಸರ್ಕಾರ, ವಸತಿ ಶಿಕ್ಷಣದ ಭಾಗ ಎಂದು ತಾತ್ವಿಕವಾಗಿ ಒಪ್ಪಿದೆ. ಆ ಮೊತ್ತ ಇಂದಿನ ಬಾಡಿಗೆಗೆ ಹೊಂದಬೇಕು. ಗಡಿ ದಾಟಿ ಓದಲು ಹೋದ ಕಲ್ಯಾಣ ಕರ್ನಾಟಕದ ಮಕ್ಕಳನ್ನೂ ಇಂಥ ನೆರವು ತಲುಪಬೇಕು. ಹತ್ತಿರದಲ್ಲಿ ಓದುವ ಅವಕಾಶ ಕಡಿಮೆಯಾಗಿರುವುದಕ್ಕೆ ಆ ಮಕ್ಕಳು ಹೊಣೆಯಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತಿದೆ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುವುದು, ನೆರೆಯವರ ನಿದ್ದೆಯನ್ನು ಗೌರವಿಸುವುದು, ಬಿಡುವ ಒಂದು ತಿಂಗಳು ಮುಂಚೆ ಹೇಳುವುದು ಒಡೆಯನಿಗೆ ಮಾಡುವ ಉಪಕಾರವಲ್ಲ. ಮುಂದೆ ಅದೇ ಬಾಗಿಲು ತಟ್ಟುವ ಕಿರಿಯರ ಋಣ. ಒಬ್ಬನ ತಪ್ಪಿಗೆ ಹತ್ತು ಮಂದಿ ಬಾಗಿಲಿನಿಂದ ಹಿಂದಿರುಗುವುದು ಅನ್ಯಾಯ ನಿಜ. ಆದರೂ ಆ ತಪ್ಪು ಮಾಡದಿರುವುದು ವಿದ್ಯಾರ್ಥಿಗಳ ಕೈಯಲ್ಲೇ ಇದೆ.

ಬಾಡಿಗೆಯ ಖೋಲಿಯಲ್ಲಿ ಹಳೆಯ ಹಾಸ್ಟೆಲುಗಳಿಗೆ ಇಲ್ಲದ ಒಂದು ಸಾಧ್ಯತೆಯಿದೆ. ಬೀದರಿನ ಹುಡುಗ, ವರಂಗಲ್ಲಿನ ಹುಡುಗ, ನಾಂದೇಡಿನ ಹುಡುಗ ಒಂದೇ ಸ್ಟವ್ ಮೇಲೆ ಸರದಿಯಂತೆ ಅಡುಗೆ ಮಾಡಿ, ಬಿಲ್ಲು ಸಮನಾಗಿ ಹಂಚಿಕೊಂಡು, ಜಗಳವಾಡಿ ರಾಜಿಯಾಗಿ ಬಾಳಬಹುದು. ಯಾವ ಪಠ್ಯಕ್ರಮದಲ್ಲೂ ಇಲ್ಲದ ಪೌರತ್ವದ ಪಾಠವಿದು. ಬಾಗಿಲಲ್ಲೇ ಜಾತಿ ಕೇಳುವ ನಗರ ಈ ಪಾಠವನ್ನು ತಡೆಯುತ್ತದೆ. ವಿದ್ಯಾರ್ಥಿಗಳ ಶುಲ್ಕದಿಂದ, ಬಾಡಿಗೆಯಿಂದ, ಮುಂದೆ ಅವರ ದುಡಿಮೆಯಿಂದ ಬೆಳೆಯುವ ನಗರ ಮೊದಲ ದಿನ ಅವರನ್ನು ಅನುಮಾನದಿಂದ ನೋಡುವ ಹಕ್ಕನ್ನು ಬಿಟ್ಟುಕೊಡಬೇಕು. ಮನೆ ಅವರವರದೇ ಇರಬಹುದು. ಆ ನಗರದಲ್ಲಿ ಓದುವ ಅವಕಾಶ ಎಲ್ಲರದೂ ಹೌದು.