ಊರಿನ ಹೆಸರು, ಗಡಿಯ ಲೆಕ್ಕ

ಕಾಸರಗೋಡು ಜಿಲ್ಲೆಯ ಹಲವು ಊರುಗಳ ಕನ್ನಡ ಹಾಗೂ ತುಳು ಹೆಸರುಗಳನ್ನು ಮಲಯಾಳಂಗೆ ಒಗ್ಗುವಂತೆ ಬದಲಿಸಲಾಗುತ್ತಿದೆ ಎಂಬ ಸುದ್ದಿ 2021ರ ಜೂನ್ ತಿಂಗಳಲ್ಲಿ ಗಡಿಯ ಎರಡೂ ಕಡೆ ಕಳವಳವನ್ನುಂಟುಮಾಡಿತ್ತು. ಮಧೂರು 'ಮಧುರಂ' ಆಗುತ್ತದೆ, ಮಲ್ಲ 'ಮಲ್ಲಂ' ಆಗುತ್ತದೆ, ಬೇಡಡ್ಕ 'ಬೇಡಗಂ' ಆಗುತ್ತದೆ, ಪಿಲಿಕುಂಜೆ 'ಪಿಲಿಕುನ್ನು' ಆಗುತ್ತದೆ, ಹೊಸದುರ್ಗ 'ಪುತಿಯ ಕೋಟ' ಆಗುತ್ತದೆ ಎಂಬ ಪಟ್ಟಿಯೊಂದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕರ್ನಾಟಕದ ನಾಯಕರು ಆಕ್ಷೇಪ ವ್ಯಕ್ತಪಡಿಸಿದರು. ಅಂಥ ಯಾವ ಪ್ರಸ್ತಾಪವೂ ತನ್ನ ಮುಂದಿಲ್ಲ ಎಂದು ಕೇರಳ ಸರ್ಕಾರ ಸ್ಪಷ್ಟಪಡಿಸಿತು. ವಿವಾದ ಅಲ್ಲಿಗೆ ತಣ್ಣಗಾಯಿತು.

ಆದರೆ ಆ ವಿವಾದ ಎತ್ತಿದ ಮೂಲ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಎರಡು ರಾಜ್ಯಗಳು ಅಥವಾ ಎರಡು ಭಾಷಾ ಸಮುದಾಯಗಳು ತಮ್ಮದೆನ್ನುವ ಒಂದು ಊರನ್ನು ಗಜೆಟಿಯರಿನಲ್ಲಿ, ವಿಶ್ವಕೋಶದಲ್ಲಿ, ಜನಗಣತಿಯ ಕೈಪಿಡಿಯಲ್ಲಿ, ಭೂಪಟದಲ್ಲಿ ಯಾವ ಹೆಸರಿನಿಂದ ನಮೂದಿಸಬೇಕು? ಅದನ್ನು ಯಾವ ವರ್ಗಕ್ಕೆ ಸೇರಿಸಬೇಕು? ಇದು ಪಂಡಿತರ ಚರ್ಚೆಯ ವಿಷಯವಷ್ಟೇ ಎಂದು ಭಾವಿಸುವಂತಿಲ್ಲ. 2027ರ ಮಾರ್ಚ್ 1ನ್ನು ಉಲ್ಲೇಖ ದಿನವೆಂದು ನಿಗದಿಪಡಿಸಿರುವ ಜನಗಣತಿಯ ಗ್ರಾಮಸೂಚಿಯಲ್ಲಿ ಯಾವ ಹೆಸರು ಮುದ್ರಣಗೊಳ್ಳುವುದೋ, ಮುಂದಿನ ಹಲವು ವರ್ಷಗಳ ಕಾಲ ಯೋಜನೆಗಳೂ ಕಡತಗಳೂ ಪಠ್ಯಪುಸ್ತಕಗಳೂ ಅದನ್ನೇ ಅನುಸರಿಸುತ್ತವೆ.

ಹೆಸರಿನೊಳಗಿನ ನೆಲ

ಕರಾವಳಿಯ ಊರ ಹೆಸರುಗಳ ವಿಶೇಷವನ್ನು ಮೊದಲು ಗಮನಿಸಬೇಕು. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗದ್ದೆಗಳನ್ನು ನೀರಿನ ಲಭ್ಯತೆಗೆ ಅನುಸಾರವಾಗಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಿದ್ದರು. ನೀರು ಸಮೃದ್ಧವಾಗಿರುವ ತಗ್ಗು ಭೂಮಿ ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನಂಬಿದ್ದು ಬೆಟ್ಟು. ಕಂದಾಯ ನಿರ್ಧಾರದಲ್ಲಿಯೂ ಈ ವಿಂಗಡಣೆಗೆ ಸ್ಥಾನವಿತ್ತು. 1894ರಲ್ಲಿ ಪ್ರಕಟವಾದ ಸ್ಟರಕ್‌ನ ಜಿಲ್ಲಾ ಕೈಪಿಡಿ ಇದನ್ನು ವಿವರಿಸುತ್ತದೆ. ಮುರಕಲ್ಲಿನ ಬಯಲಿಗೆ 'ಅಡ್ಕ' ಎಂದೂ ಎತ್ತರದ ಬಯಲಿಗೆ 'ಪದವು' ಎಂದೂ ಹೆಸರು. ಕಾರಡ್ಕ, ಬೇಡಡ್ಕ ಎಂಬ ಹೆಸರುಗಳನ್ನು ಕೇಳಿದೊಡನೆ ತುಳುನಾಡಿನ ರೈತನಿಗೆ ನೆಲದ ಗುಣ ತಿಳಿಯುತ್ತದೆ. 'ಅಡ್ಕ'ವನ್ನು ತೆಗೆದು 'ಅಂ' ಎಂಬ ಪ್ರತ್ಯಯ ಹಚ್ಚಿದರೆ ಆ ತಿಳಿವಳಿಕೆ ಅಳಿಸಿಹೋಗುತ್ತದೆ. ಮಧೂರಿನಲ್ಲಿರುವ 'ಊರು' ಹೋಗಿ ಅದು 'ಮಧುರಂ' ಆದರೆ ಉಳಿಯುವುದು ಸಿಹಿಯೆಂಬ ಅರ್ಥ ಮಾತ್ರ, ಸ್ಥಳದ ಚರಿತ್ರೆಯಲ್ಲ.

ಆದರೆ ಇನ್ನೊಂದು ಮುಖವನ್ನೂ ಅಷ್ಟೇ ಪ್ರಾಮಾಣಿಕವಾಗಿ ನೋಡಬೇಕು. ಈ ಊರುಗಳಲ್ಲಿ ಮಲಯಾಳಂ ಆಡುವವರು ನಿನ್ನೆ ಮೊನ್ನೆ ಬಂದವರಲ್ಲ. ಅವರ ಬಾಯಲ್ಲಿ ಮಂಜೇಶ್ವರ 'ಮಂಜೇಶ್ವರಂ' ಆಗಿರುವುದು ಸಹಜ. 'ಕಾಸರಗೋಡು' ಎಂಬ ಹೆಸರಿಗೆ ಕೊಡುವ ವಿವರಣೆಗಳಲ್ಲಿ ಒಂದು ಕಾಸರಕನ ಮರಕ್ಕೆ ಸಂಬಂಧಿಸಿದ್ದು. ಅದೇ ಮರವನ್ನು ಮಲಯಾಳಂನಲ್ಲಿ 'ಕಾಞಿರಂ' ಎನ್ನುತ್ತಾರೆ. 'ಕಾಞಿರಕ್ಕೋಡ್' ಎಂಬ ರೂಪ ಅದರಿಂದ ಬಂತು ಎನ್ನುವವರಿದ್ದಾರೆ. ಈ ವಿವರಣೆ ಸರಿಯಾದಲ್ಲಿ ಎರಡು ಭಾಷೆಯವರೂ ಒಂದೇ ಮರದ ನೆರಳಿನಲ್ಲಿ ನಿಂತು ಜಗಳವಾಡುತ್ತಿದ್ದಾರೆ ಎನ್ನಬೇಕಾಗುತ್ತದೆ.

ಮಂಗಳೂರಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಮ್ಮ ನಗರ ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳಂನಲ್ಲಿ ಮಂಗಲಾಪುರಂ. ಒಂದೇ ಬಸ್ಸಿನಲ್ಲಿ ಕುಳಿತ ಐವರು ಐದು ಹೆಸರಿನ ಊರಿಗೆ ಟಿಕೆಟ್ ಕೇಳಿದರೂ ಇಳಿಯುವುದು ಒಂದೇ ನಿಲ್ದಾಣದಲ್ಲಿ. ಯಾರೂ ಇದರಿಂದ ದಾರಿ ತಪ್ಪಿದ್ದಿಲ್ಲ.

ನಾಲ್ಕು ಪ್ರಶ್ನೆ, ಒಂದೇ ಉತ್ತರದ ಹಟ

ಆಕರಗ್ರಂಥಗಳಲ್ಲಿ ಗೊಂದಲ ಹುಟ್ಟುವುದು ಹೆಸರುಗಳು ಹಲವಾಗಿರುವುದರಿಂದ ಅಲ್ಲ. ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಒಂದಾಗಿ ಬೆರೆಸುವುದರಿಂದ. ಊರು ಇಂದು ಯಾರ ಆಡಳಿತದಲ್ಲಿದೆ ಎಂಬುದು ಒಂದು. ಅದರ ಮೇಲೆ ಯಾರು ಹಕ್ಕು ಸಾಧಿಸುತ್ತಿದ್ದಾರೆ ಎಂಬುದು ಎರಡು. ಅದರ ಹೆಸರೇನು ಎಂಬುದು ಮೂರು. ಅದು ಗ್ರಾಮವೋ ಪಟ್ಟಣವೋ ಎಂಬುದು ನಾಲ್ಕು. ಮೊದಲನೆಯದು ಕಾನೂನಿನ ಸಂಗತಿ. ಎರಡನೆಯದು ರಾಜಕೀಯದ ಸಂಗತಿ. ಮೂರನೆಯದು ಭಾಷೆ ಮತ್ತು ಚರಿತ್ರೆಯ ಸಂಗತಿ. ನಾಲ್ಕನೆಯದು ವ್ಯಾಖ್ಯೆಯ ಸಂಗತಿ. ಒಂದಕ್ಕೆ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಪುರಾವೆಯಾಗಿ ಬಳಸಲು ಹೊರಟಾಗ ತಂಟೆ ಶುರುವಾಗುತ್ತದೆ.

ಕಾಸರಗೋಡಿನ ಆಡಳಿತದ ಪ್ರಶ್ನೆ 1956ರ ನವೆಂಬರ್ 1ರಂದು ಕಾನೂನಿನ ಪ್ರಕಾರ ಇತ್ಯರ್ಥವಾಯಿತು. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಸಲ್ಲಿಸಿದ ವರದಿಯಲ್ಲಿ ತಾಲ್ಲೂಕನ್ನು ಇಡಿಯಾಗಿ ಒಂದು ಘಟಕವೆಂದು ಪರಿಗಣಿಸಿತ್ತು. ಇಡೀ ತಾಲ್ಲೂಕನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಲಯಾಳಂ ಬಹುಸಂಖ್ಯಾತರ ಭಾಷೆಯಾಯಿತು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ನೀಡಿದ ಮಹಾಜನ ಆಯೋಗ ಅದೇ ತಾಲ್ಲೂಕನ್ನು ಚಂದ್ರಗಿರಿ ಹೊಳೆಯ ಗೆರೆಯಿಂದ ಎರಡಾಗಿ ನೋಡಿತು. ಹೊಳೆಯ ಉತ್ತರ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ಜನ ಅವರೇ, ನೆಲ ಅದೇ. ಅಳೆಯುವ ಘಟಕ ಬದಲಾದೊಡನೆ ಉತ್ತರವೂ ಬದಲಾಯಿತು. ಇದಕ್ಕೆ ತುಳುವಿನ ಪ್ರಶ್ನೆಯನ್ನೂ ಸೇರಿಸಿ. ಜನಗಣತಿ ತುಳುವನ್ನು ಪ್ರತ್ಯೇಕ ಭಾಷೆಯಾಗಿ ಎಣಿಸುತ್ತದೆ; ಅದು ನ್ಯಾಯವೇ. ಆದರೆ ತುಳುವರನ್ನು ಕನ್ನಡಿಗರೊಡನೆ ಕೂಡಿಸಿದರೆ ಉತ್ತರ ಕಾಸರಗೋಡಿನ ಚಿತ್ರ ಒಂದು ಬಗೆ, ಬೇರೆಯಾಗಿ ಎಣಿಸಿದರೆ ಇನ್ನೊಂದು ಬಗೆ. ವರ್ಗೀಕರಣ ಮಾಡುವವನ ಕೈಯಲ್ಲಿ ಎಷ್ಟು ದೊಡ್ಡ ಅಧಿಕಾರವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೆಳಗಾವಿಯ ಕಡೆಗೂ ಇದೇ ಕಥೆ. ಗ್ರಾಮವನ್ನೇ ಘಟಕವಾಗಿ ಪರಿಗಣಿಸಬೇಕೆಂಬುದು ಮಹಾರಾಷ್ಟ್ರದ ಮೊದಲಿನಿಂದಲೂ ಇರುವ ವಾದ. ಮಹಾಜನ ಆಯೋಗ 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೂ 247 ಗ್ರಾಮಗಳನ್ನು ಕರ್ನಾಟಕಕ್ಕೂ ಸೇರಿಸಲು ಸೂಚಿಸಿ, ಬೆಳಗಾವಿ ನಗರವನ್ನು ಇಲ್ಲಿಯೇ ಉಳಿಸಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. 2022ರ ಡಿಸೆಂಬರಿನಲ್ಲಿ ಅದರ ವಿಧಾನಮಂಡಲ 865 ಗ್ರಾಮಗಳ ಮೇಲೆ ಹಕ್ಕು ಸಾರುವ ನಿರ್ಣಯ ಅಂಗೀಕರಿಸಿದರೆ, ಅದಕ್ಕೆ ಕೆಲವೇ ದಿನಗಳ ಮುಂಚೆ ಕರ್ನಾಟಕದ ಶಾಸನಸಭೆ ಒಂದಂಗುಲ ನೆಲವನ್ನೂ ಬಿಟ್ಟುಕೊಡುವುದಿಲ್ಲವೆಂದು ನಿರ್ಣಯಿಸಿತ್ತು. ಬೆಳಗಾವಿ ಸಮೀಪದ ಯಳ್ಳೂರಿನಲ್ಲಿ 'ಮಹಾರಾಷ್ಟ್ರ ರಾಜ್ಯ' ಎಂಬ ನಾಮಫಲಕವನ್ನು 2014ರ ಜುಲೈಯಲ್ಲಿ ತೆರವುಗೊಳಿಸಿದಾಗ ನಡೆದ ಗಲಭೆಯನ್ನು ಓದುಗರು ಮರೆತಿರಲಾರರು. ಒಂದು ಹಲಗೆಯ ಮೇಲಿನ ಎರಡು ಪದಗಳು ಲಾಠಿ ಪ್ರಹಾರಕ್ಕೆ ಕಾರಣವಾದವು.

'ಗ್ರಾಮ' ಎಂದರೆ ಎಷ್ಟು?

ಗ್ರಾಮಗಳನ್ನು ಎಣಿಸಿ ಗಡಿ ಗುರುತಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 29,340 ಗ್ರಾಮಗಳಿದ್ದವು. ಕೇರಳದಲ್ಲಿ ಕೇವಲ 1,018. ಕೇರಳದ ಕಂದಾಯ ಗ್ರಾಮವೆಂದರೆ ನಮ್ಮ ಹಲವು ಹಳ್ಳಿಗಳಷ್ಟು ವಿಸ್ತಾರದ ಪ್ರದೇಶ. ಜನಗಣತಿಯು 'ಗಣತಿ ಪಟ್ಟಣ' ಎಂಬ ವರ್ಗವನ್ನೂ ಬಳಸುತ್ತದೆ. ಜನಸಂಖ್ಯೆ ಕನಿಷ್ಠ 5,000, ಮುಖ್ಯ ದುಡಿಮೆಯ ಪುರುಷರಲ್ಲಿ ಶೇ. 75ರಷ್ಟಾದರೂ ಕೃಷಿಯೇತರ ವೃತ್ತಿಯವರು, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ. ಈ ಮೂರು ಇದ್ದರೆ ಪಂಚಾಯತಿ ಆಡಳಿತದಲ್ಲಿರುವ ಊರೂ ಪಟ್ಟಣವೆನಿಸುತ್ತದೆ. ಕೇರಳದಲ್ಲಿ ಇಂಥ ಪಟ್ಟಣಗಳು 2001ರಲ್ಲಿ 99 ಇದ್ದವು. 2011ರಲ್ಲಿ 461 ಆದವು. ರಾಜ್ಯದ ನಗರವಾಸಿಗಳ ಪ್ರಮಾಣ ಶೇ. 26ರಿಂದ ಶೇ. 47.7ಕ್ಕೆ ಜಿಗಿಯಿತು. ಹತ್ತು ವರ್ಷಗಳಲ್ಲಿ ಅರ್ಧ ಕೇರಳ ಪೇಟೆಗೆ ವಲಸೆ ಹೋಗಲಿಲ್ಲ. ಕುಳಿತ ಜಾಗದಲ್ಲಿಯೇ ಹಳ್ಳಿಗರು ಪಟ್ಟಣಿಗರಾದರು. ತಲಪಾಡಿಯ ಗಡಿ ದಾಟಿ ಮಂಜೇಶ್ವರದತ್ತ ಹೋಗುವವನಿಗೆ ಮನೆ, ತೆಂಗಿನ ತೋಟ, ಅಂಗಡಿಗಳ ಸಾಲಿನಲ್ಲಿ ಯಾವ ವ್ಯತ್ಯಾಸವೂ ಕಾಣದು. ವ್ಯತ್ಯಾಸವಿರುವುದು ಕೈಪಿಡಿಯ ಅಂಕಣದಲ್ಲಿ.

ಈ ಅಂಕಣಗಳು ಬದುಕನ್ನು ಮುಟ್ಟುತ್ತವೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ 'ಗಡಿನಾಡ ಕನ್ನಡಿಗ' ಎಂಬ ವರ್ಗವಿದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳ ಹೆಸರು ಅದರಲ್ಲಿ ಬರುತ್ತವೆ. 2014ರಲ್ಲಿ ಕೇರಳ ಸರ್ಕಾರ ಕಾಸರಗೋಡು ತಾಲ್ಲೂಕಿನಿಂದ ಮಂಜೇಶ್ವರವನ್ನೂ ಹೊಸದುರ್ಗದಿಂದ ವೆಳ್ಳರಿಕುಂಡನ್ನೂ ಬೇರ್ಪಡಿಸಿ ಹೊಸ ತಾಲ್ಲೂಕುಗಳನ್ನು ರಚಿಸಿತು. ತಾಲ್ಲೂಕಿನ ಹೆಸರು ಬದಲಾದಾಗ ಪಟ್ಟಿಯನ್ನೂ ಅದಕ್ಕೆ ಸರಿಹೊಂದಿಸದಿದ್ದರೆ ವಿದ್ಯಾರ್ಥಿ ಪಾಡು ಪಡಬೇಕಾಗುತ್ತದೆ. ಅಜ್ಜನ ಕಾಲದ ಕನ್ನಡ ದಸ್ತಾವೇಜಿನಲ್ಲಿ ಒಂದು ಹೆಸರು, ಶಾಲೆಯ ಪ್ರಮಾಣಪತ್ರದಲ್ಲಿ ಇನ್ನೊಂದು, ಗುರುತಿನ ಚೀಟಿಯಲ್ಲಿ ಮತ್ತೊಂದು ಇದ್ದರೆ, ಮೂರೂ ಒಂದೇ ಊರು ಎಂದು ಸಾಬೀತುಪಡಿಸುವ ಹೊಣೆ ಪ್ರಜೆಯ ಮೇಲೆ ಬೀಳುತ್ತದೆ. ಕಂದಾಯ ಕಚೇರಿಗಳನ್ನು ಬಲ್ಲವರಿಗೆ ಅದೆಷ್ಟು ಅಲೆದಾಟದ ಕೆಲಸವೆಂಬುದು ತಿಳಿದಿದೆ.

ನಮ್ಮ ಅಳತೆಗೋಲು

ಇಲ್ಲಿ ಕನ್ನಡಿಗರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕೇಂದ್ರ ಗೃಹ ಸಚಿವಾಲಯವು 1953ರಲ್ಲಿಯೇ ರೂಪಿಸಿದ ಮಾರ್ಗಸೂಚಿ, ಸ್ಥಳೀಯ ಅಭಿಮಾನ ಅಥವಾ ಭಾಷೆಯ ಕಾರಣಕ್ಕಾಗಿ ಮಾತ್ರವೇ ಊರ ಹೆಸರುಗಳನ್ನು ಬದಲಿಸಬಾರದು ಎನ್ನುತ್ತದೆ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ತಿದ್ದಲ್ಪಟ್ಟವು. ಬಹುಪಾಲು ಊರುಗಳಲ್ಲಿ ಅದು ಜನ ಆಡುವ ಹೆಸರಿಗೆ ಸಂದ ಮನ್ನಣೆ. ಅದನ್ನು ಸ್ವಾಗತಿಸಿದ್ದು ಸರಿಯೇ. ಆದರೆ 2025ರ ಜುಲೈಯಲ್ಲಿ ನಂದಿ ಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ಬಾಗೇಪಲ್ಲಿಗೆ 'ಭಾಗ್ಯನಗರ' ಎಂದು ಹೆಸರಿಡಲು ತೀರ್ಮಾನಿಸಿತು. 'ಪಲ್ಲಿ' ತೆಲುಗಿನದು ಎಂಬುದು ಈ ಬೇಡಿಕೆಯ ಹಿಂದಿದ್ದ ವಾದಗಳಲ್ಲೊಂದು. ಹಳಗನ್ನಡದ 'ಪಳ್ಳಿ'ಯೇ ಹೊಸಗನ್ನಡದ 'ಹಳ್ಳಿ' ಎಂಬುದನ್ನು ಶಾಲೆಯ ವ್ಯಾಕರಣದಲ್ಲಿಯೇ ಓದಿದವರು ನಾವು. ಪರಕೀಯವೆಂದು ಹೊರಗಟ್ಟಿದ ಪದ ನಮ್ಮದೇ ಮನೆಯ ಹಿರಿಯ ಪದದ ಒಡಹುಟ್ಟು. ಮಧೂರಿನ 'ಊರು' ಉಳಿಯಬೇಕೆಂದು ತಿರುವನಂತಪುರಕ್ಕೆ ಪತ್ರ ಬರೆಯುವ ನಾವು ಬಾಗೇಪಲ್ಲಿಯ 'ಪಲ್ಲಿ'ಯನ್ನು ಅಳಿಸುವುದು ಯಾವ ನ್ಯಾಯ?

ಹೆಸರಿಡುವುದನ್ನು ಹಕ್ಕು ಸ್ಥಾಪನೆಯ ಉಪಾಯವನ್ನಾಗಿ ಬಳಸುವ ಪ್ರವೃತ್ತಿ ಎಲ್ಲಿಗೆ ಮುಟ್ಟಬಹುದೆಂಬುದನ್ನು ಚೀನಾ ತೋರಿಸಿಕೊಟ್ಟಿದೆ. ಅರುಣಾಚಲ ಪ್ರದೇಶದ ಸ್ಥಳಗಳಿಗೆ ಅದು 2017ರಿಂದ 2025ರ ತನಕ ಐದು ಕಂತುಗಳಲ್ಲಿ ತನ್ನದೇ ಹೆಸರುಗಳನ್ನು ಪ್ರಕಟಿಸಿತು. ಕಲ್ಪಿತ ಹೆಸರಿಡುವುದರಿಂದ ವಾಸ್ತವ ಬದಲಾಗದು ಎಂದು ಭಾರತ ಪ್ರತಿ ಬಾರಿಯೂ ಉತ್ತರಿಸಿದೆ. ಆ ಉತ್ತರದಲ್ಲಿರುವ ತತ್ವ ನಮ್ಮ ರಾಜ್ಯಗಳಿಗೂ ಅನ್ವಯಿಸುತ್ತದೆ. ಹೆಸರು ಅಲ್ಲಿ ಬದುಕುವವರ ಬಾಯಿಯಿಂದ ಬರಬೇಕು, ರಾಜಧಾನಿಯ ಕಡತದಿಂದಲ್ಲ. ವಿಶ್ವಸಂಸ್ಥೆಯಾದರೋ ದಕ್ಷಿಣ ಅಟ್ಲಾಂಟಿಕ್‌ನ ವಿವಾದಿತ ದ್ವೀಪಗಳನ್ನು ತನ್ನ ದಾಖಲೆಗಳಲ್ಲಿ 'ಫಾಕ್‌ಲ್ಯಾಂಡ್ ದ್ವೀಪಗಳು (ಮಾಲ್ವಿನಾಸ್)' ಎಂದು ನಮೂದಿಸುತ್ತದೆ. ಎರಡೂ ಹೆಸರು ಬರೆದ ಮಾತ್ರಕ್ಕೆ ಯಾರ ಹಕ್ಕೂ ಹೆಚ್ಚಲಿಲ್ಲ, ಯಾರ ಹಕ್ಕೂ ಕುಗ್ಗಲಿಲ್ಲ.

ಮಾಡಬಹುದಾದದ್ದು

ಪರಿಹಾರ ದುಬಾರಿಯದೂ ಅಲ್ಲ, ಅಸಾಧ್ಯದ್ದೂ ಅಲ್ಲ. ಆಕರಗ್ರಂಥವೊಂದರ ನಮೂದು ಹೀಗಿರಬಹುದು: ಮಂಜೇಶ್ವರ; ಮಲಯಾಳಂನಲ್ಲಿ ಮಂಜೇಶ್ವರಂ; ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ; 1956ರ ತನಕ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು; 1967ರಲ್ಲಿ ಮಹಾಜನ ಆಯೋಗ ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿದ ಪ್ರದೇಶದಲ್ಲಿದೆ; ಶಿಫಾರಸು ಜಾರಿಯಾಗಿಲ್ಲ. ಇದರಲ್ಲಿ ಒಂದೂ ಸುಳ್ಳಿಲ್ಲ, ಯಾರ ಪಕ್ಷಪಾತವೂ ಇಲ್ಲ. ಹಕ್ಕೊತ್ತಾಯವನ್ನು ಹಕ್ಕೊತ್ತಾಯವೆಂದೂ ಆಡಳಿತವನ್ನು ಆಡಳಿತವೆಂದೂ ಬರೆದರೆ ಓದುಗ ತಾನೇ ತೀರ್ಮಾನಿಸಿಕೊಳ್ಳುತ್ತಾನೆ.

ಹಲವು ಹೆಸರುಗಳಿಂದ ಆಡಳಿತದಲ್ಲಿ ಗೊಂದಲವಾಗುತ್ತದೆ ಎಂಬ ಆಕ್ಷೇಪಕ್ಕೆ ಹಿಂದೆ ತೂಕವಿತ್ತು. ಈಗ ಪ್ರತಿ ಗ್ರಾಮಕ್ಕೂ ಜನಗಣತಿಯ ಸಂಕೇತ ಸಂಖ್ಯೆ ಇದೆ. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಸೂಚಿಯಲ್ಲಿಯೂ ಸಂಖ್ಯೆ ಇದೆ. ಗುರುತಿಸುವ ಕೆಲಸವನ್ನು ಸಂಖ್ಯೆಗೆ ಬಿಟ್ಟರೆ ಹೆಸರಿನ ಮೇಲಿನ ಹೊರೆ ಇಳಿಯುತ್ತದೆ. ಗ್ರಾಮಸೂಚಿಯಲ್ಲಿ ಪರ್ಯಾಯ ಹೆಸರುಗಳಿಗೆ ಒಂದು ಅಂಕಣ ಸೇರಿಸುವುದು, ಕರ್ನಾಟಕ ಮತ್ತು ಕೇರಳದ ಗಜೆಟಿಯರ್ ವಿಭಾಗಗಳು ಜತೆಗೂಡಿ ಗಡಿ ತಾಲ್ಲೂಕುಗಳ ಸ್ಥಳನಾಮ ಕೋಶವೊಂದನ್ನು ಸಿದ್ಧಪಡಿಸುವುದು, ಅದರಲ್ಲಿರುವ ಯಾವ ರೂಪವನ್ನಾದರೂ ಕಚೇರಿಗಳು ಮಾನ್ಯ ಮಾಡಬೇಕೆಂದು ಆದೇಶಿಸುವುದು. ಇಷ್ಟಕ್ಕೆ ಗಡಿ ವಿವಾದ ಮುಗಿಯುವ ತನಕ ಕಾಯಬೇಕಾಗಿಲ್ಲ.

ಕಾಸರಗೋಡಿನ ವಿಲೀನಕ್ಕಾಗಿ ಬಾಳಿಡೀ ದನಿಯೆತ್ತಿದ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಆಸೆ ಈಡೇರಲಿಲ್ಲ; ಮುಂದೆ ಈಡೇರೀತೆಂಬ ಲಕ್ಷಣವೂ ಕಾಣುತ್ತಿಲ್ಲ. ಗೆರೆ ಎಲ್ಲಿಯೇ ಇರಲಿ, ಅದರ ಆಚೆಗಿರುವ ಕನ್ನಡದ, ತುಳುವಿನ ಹೆಸರುಗಳು ದಾಖಲೆಯಲ್ಲಿ ಉಳಿಯಬೇಕು. ಅದನ್ನು ನೆರೆಯವರಿಂದ ಕೇಳುವ ನೈತಿಕ ಬಲ ನಮಗೆ ಬರುವುದು, ಗೆರೆಯ ಈಚೆಗಿರುವ ಮರಾಠಿ, ತೆಲುಗು, ತಮಿಳು ಹೆಸರುಗಳನ್ನು ನಾವು ಹಾಗೆಯೇ ಉಳಿಸಿಕೊಂಡಾಗ.