ಕಾಲುಸಂಕ ಮತ್ತು ಊರಿನ ಹೊಣೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಊರೆಂದರೆ ಒತ್ತಾಗಿ ನಿಂತ ಮನೆಗಳ ಸಾಲಲ್ಲ. ಗದ್ದೆಯಂಚಿನಲ್ಲಿ ಒಂದು ಮನೆ, ತೋಟದ ನಡುವೆ ಇನ್ನೊಂದು, ಗುಡ್ಡದ ತಪ್ಪಲಲ್ಲಿ ಮತ್ತೊಂದು. ಇವುಗಳ ನಡುವೆ ತೋಡುಗಳೂ ಹಳ್ಳಗಳೂ ಹರಿಯುತ್ತವೆ. ಬೇಸಗೆಯಲ್ಲಿ ಬರಿಗಾಲಲ್ಲಿ ದಾಟಬಹುದಾದ ಹಳ್ಳವು ಆಷಾಢ ಬಂತೆಂದರೆ ಕೆಂಪು ನೀರಿನಿಂದ ತುಂಬಿ ಭೋರ್ಗರೆಯುತ್ತದೆ. ಆಗ ಜನರು ಅಡಕೆ ಮರದ ಕಾಂಡಗಳನ್ನೋ ಹಲಗೆಗಳನ್ನೋ ಅಡ್ಡಲಾಗಿ ಹಾಕಿ ದಾಟುತ್ತಾರೆ. ಇದೇ ಕಾಲುಸಂಕ. ಶಾಲೆಗೆ ಹೋಗುವ ಮಗುವಿಗೂ ಹಾಲು ಕೊಂಡೊಯ್ಯುವ ರೈತನಿಗೂ ಅದೇ ರಾಜಮಾರ್ಗ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಇಂತಹ ಕಾಲುಸಂಕದಿಂದ ಜಾರಿ ಬಿದ್ದು ಪ್ರಾಣ ಕಳೆದುಕೊಂಡಳು. ನಾಡೆಲ್ಲ ಮರುಗಿತು. ಆದರೆ ಮರುಕವು ಸೇತುವೆಯನ್ನು ಕಟ್ಟಲಾರದು. ಕಟ್ಟುವುದಕ್ಕೆ ಯಾರಾದರೂ ಹೊಣೆ ಹೊರಬೇಕು.

ಆ ಹೊಣೆ ಯಾರದು? ಯಾವ ಹಳ್ಳಕ್ಕೆ ಸಂಕ ಬೇಕು, ಯಾವ ಮನೆಯ ಮಕ್ಕಳು ಅದನ್ನು ದಾಟುತ್ತಾರೆ ಎಂಬುದು ದೆಹಲಿಗಾಗಲಿ ಬೆಂಗಳೂರಿಗಾಗಲಿ ತಿಳಿಯುವುದು ಕಷ್ಟ. ಅದು ತಿಳಿಯುವುದು ಊರಿಗೆ. ಊರಿನ ಪರವಾಗಿ ನುಡಿಯಬೇಕಾದುದು ಗ್ರಾಮ ಪಂಚಾಯತಿ. ಪಂಚಾಯತಿಯ ಬೊಕ್ಕಸ ಚಿಕ್ಕದು, ನಿಜ. ಎಲ್ಲ ಸಂಕಗಳನ್ನೂ ಅದು ತಾನೇ ಕಟ್ಟಿಸಲಾರದು. ಆದರೆ ಗ್ರಾಮಸಭೆಯಲ್ಲಿ ಬೇಡಿಕೆಯನ್ನು ದಾಖಲಿಸಿ, ಯಾವುದು ಮೊದಲು ಎಂದು ನಿರ್ಧರಿಸಿ, ಮೇಲಿನ ಕಚೇರಿಗಳ ಬಾಗಿಲು ತಟ್ಟುವ ಸದಸ್ಯನೊಬ್ಬನಿಲ್ಲದಿದ್ದರೆ ಆ ಸಂಕದ ಹೆಸರು ಯಾವ ಕಡತದಲ್ಲಿಯೂ ಕಾಣಿಸದು. ಆದುದರಿಂದ ಗ್ರಾಮ ಪಂಚಾಯತಿಯ ಚುನಾವಣೆಗೆ ನಿಲ್ಲುವುದೆಂದರೆ ಕುರ್ಚಿಯ ಆಸೆ ಎಂದಷ್ಟೇ ತಿಳಿಯುವುದು ತಪ್ಪು. ಅದು ಊರಿನ ಚಿಕ್ಕ ಚಿಕ್ಕ ಕಷ್ಟಗಳಿಗೆ ಹೆಗಲು ಕೊಡುವ ಕೆಲಸ.

ಆದರೂ ಓದಿದವರು, ಸಜ್ಜನರು, ಊರಲ್ಲಿ ಒಳ್ಳೆಯ ಹೆಸರುಳ್ಳವರು ಈ ಕಣಕ್ಕಿಳಿಯಲು ಹಿಂಜರಿಯುತ್ತಾರೆ. ‘ರಾಜಕೀಯ ನಮಗೇಕೆ? ಅದೊಂದು ಕೆಸರು’ ಎಂಬುದು ಅವರ ಮಾತು. ಕೆಸರಿಗೆ ಹೆದರಿದವನು ನೇಜಿ ನೆಡಬಲ್ಲನೇ? ಕರಾವಳಿಯ ಕೃಷಿಕನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಳ್ಳೆಯವರು ಬಿಟ್ಟುಕೊಟ್ಟ ಸ್ಥಾನವು ಬರಿದಾಗಿ ಉಳಿಯುವುದೂ ಇಲ್ಲ. ಗುತ್ತಿಗೆಯ ಲಾಭಕ್ಕಾಗಿಯೋ ಜಾತಿಯ ಬಲದಿಂದಲೋ ಹಣದ ಮದದಿಂದಲೋ ಬಂದವರು ಅಲ್ಲಿ ಕುಳಿತುಕೊಳ್ಳುತ್ತಾರೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆದಾಗ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯಸ್ಥಾನಗಳನ್ನೇ ಹರಾಜಿಗಿಟ್ಟ ಸುದ್ದಿ ಬಂದಿತ್ತು. ಹೀಗೆ ಮಾಡುವುದು ಅಪರಾಧವೆಂದು ಚುನಾವಣಾ ಆಯೋಗವು ಎಚ್ಚರಿಸಬೇಕಾಯಿತು. ಹಣ ಕೊಟ್ಟು ಕೊಂಡ ಸ್ಥಾನದಿಂದ ಹಣವನ್ನೇ ತೆಗೆಯುವ ಯೋಚನೆ ಹುಟ್ಟದಿದ್ದೀತೇ?

ಊರಿನ ಆಡಳಿತವನ್ನು ಊರವರೇ ನಡೆಸುವುದು ಈ ನೆಲಕ್ಕೆ ಹೊಸದಲ್ಲ. ಬ್ರಹ್ಮಾವರದ ಸಮೀಪದ ಬಾರಕೂರು ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಊರು. ಅಲ್ಲಿಯ ಶಾಸನಗಳು ಹತ್ತು ಕೇರಿಗಳನ್ನೂ ಅವುಗಳ ‘ಹಲರ’ನ್ನೂ, ಎಂದರೆ ಊರಿನ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಕೂಟವನ್ನೂ ಹೆಸರಿಸುತ್ತವೆ. ತಮಿಳುನಾಡಿನ ಉತ್ತರಮೇರೂರಿನ ಹತ್ತನೆಯ ಶತಮಾನದ ಶಾಸನವಂತೂ ಸಭೆಯ ಸದಸ್ಯನಾಗುವವನಿಗೆ ಇರಬೇಕಾದ ಅರ್ಹತೆಗಳನ್ನು ವಿವರವಾಗಿ ಹೇಳುತ್ತದೆ. ಹಿಂದೆ ಸದಸ್ಯನಾಗಿದ್ದು ಲೆಕ್ಕ ಒಪ್ಪಿಸದವನು ಮತ್ತೆ ಆಯ್ಕೆಗೆ ಅರ್ಹನಲ್ಲ ಎಂಬುದು ಅದರಲ್ಲೊಂದು. ಸಾವಿರ ವರ್ಷಗಳ ಹಿಂದಿನ ಈ ಮಾತು ಇಂದಿಗೂ ಹಳತಾಗಿಲ್ಲ.

ಆದರೆ ಆ ಕಾಲದ ಸಭೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಭೂಮಿ ಇದ್ದವರಿಗೆ, ಶಾಸ್ತ್ರ ಓದಿದವರಿಗೆ ಮಾತ್ರ ಅಲ್ಲಿ ಸ್ಥಾನವಿತ್ತು. ಆ ಬಾಗಿಲನ್ನು ಎಲ್ಲರಿಗೂ ತೆರೆದದ್ದು ಪ್ರಜಾಪ್ರಭುತ್ವ. ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ರೂಪುಗೊಂಡ 1983ರ ಕಾಯಿದೆಯು ಮಹಿಳೆಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಟ್ಟಿತು. ಅದರಂತೆ 1987ರಲ್ಲಿ ಚುನಾವಣೆಗಳು ನಡೆದವು. ಸಂವಿಧಾನದ 73ನೆಯ ತಿದ್ದುಪಡಿಯೂ ರಾಜ್ಯದ ಪಂಚಾಯತ್ ರಾಜ್ ಕಾಯಿದೆಯೂ 1993ರಲ್ಲಿ ಜಾರಿಗೆ ಬಂದವು. ಇಂದು ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಸುಮಾರು 400 ಜನರಿಗೆ ಒಬ್ಬ ಸದಸ್ಯ; 21 ವರ್ಷ ತುಂಬಿದ ಮತದಾರರು ಉಮೇದುವಾರರಾಗಬಹುದು; ರಾಜಕೀಯ ಪಕ್ಷದ ಚಿಹ್ನೆಗೆ ಅಲ್ಲಿ ಅವಕಾಶವಿಲ್ಲ. 400 ಜನರೆಂದರೆ ಒಬ್ಬರನ್ನೊಬ್ಬರು ಹೆಸರಿಡಿದು ಕರೆಯುವಷ್ಟು ಚಿಕ್ಕ ಬಳಗ. ಅಲ್ಲಿ ಉಮೇದುವಾರನ ಭಾಷಣಕ್ಕಿಂತ ನಡತೆಯೇ ಹೆಚ್ಚು ಮಾತನಾಡಬೇಕು. ಹೆಂಡತಿಯ ಹೆಸರಿನಲ್ಲಿ ಗಂಡನು ಅಧಿಕಾರ ನಡೆಸುವ ಪದ್ಧತಿ ಎಲ್ಲಿ ಉಳಿದಿದೆಯೋ ಅಲ್ಲಿ ಮೀಸಲಾತಿಯ ಆಶಯವು ಕಾಗದದಲ್ಲಿಯೇ ಉಳಿದಂತೆ.

ಬೆಳೆಯುತ್ತಿರುವ ಊರಿಗಂತೂ ತಿಳಿವುಳ್ಳ ಸದಸ್ಯರು ಇನ್ನೂ ಹೆಚ್ಚು ಬೇಕು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡಿತು, ಹೆದ್ದಾರಿ ಅಗಲವಾಯಿತು, ಬೈಂದೂರು, ಬ್ರಹ್ಮಾವರಗಳು ತಾವೇ ತಾಲ್ಲೂಕುಗಳಾದವು. ಗದ್ದೆಗಳಿದ್ದಲ್ಲಿ ಅಂಗಡಿಗಳೂ ವಸತಿಗೃಹಗಳೂ ಎದ್ದಿವೆ. ಊರು ಬೆಳೆದಂತೆ ಕಸವೂ ಬೆಳೆಯುತ್ತದೆ, ಬಾವಿಯ ನೀರು ಇಳಿಯುತ್ತದೆ. ಮಳೆ ನಿಂತ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಸಮುದ್ರದ ಉಪ್ಪುನೀರು ಹೊಳೆಯಗುಂಟ ಮೇಲೇರಿ ಗದ್ದೆಯನ್ನೂ ಬಾವಿಯನ್ನೂ ಕೆಡಿಸುತ್ತದೆ. ಹಳ್ಳಿಯು ಪಟ್ಟಣ ಪಂಚಾಯತಿಗೆ ಸೇರಿದರೆ ಗ್ರಾಮಸಭೆಯೇ ಇಲ್ಲವಾಗುತ್ತದೆ. ಕೃಷಿಯೇ ಮುಖ್ಯವಾದ ಭಾಗಗಳನ್ನು ಬೈಂದೂರು ಪಟ್ಟಣ ಪಂಚಾಯತಿಗೆ ಸೇರಿಸಿದುದನ್ನು ವಿರೋಧಿಸಿ 2025ರಲ್ಲಿ ರೈತರು ಧರಣಿ ಕುಳಿತರು. ಊರು ಬೆಳೆಯಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಹೇಗೆ ಬೆಳೆಯಬೇಕು ಎಂಬುದನ್ನು ಯಾರು ನಿರ್ಧರಿಸಬೇಕು ಎಂಬುದೇ ಪ್ರಶ್ನೆ.

ಈ ಮಾತನ್ನು ಹಿರಿಯರಿಗಿಂತ ಮೊದಲೇ ಅರಿತವರು ಕುಂದಾಪುರ ಸೀಮೆಯ ಮಕ್ಕಳು. ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಸಂಸ್ಥೆಯ ನೆರವಿನಿಂದ 1990ರ ದಶಕದಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿಗಳು ಹುಟ್ಟಿದವು. ಮಕ್ಕಳೇ ಉಮೇದುವಾರರು, ಮಕ್ಕಳೇ ಮತದಾರರು. 2000ದ ದಶಕದ ಆರಂಭದಲ್ಲಿ ತಾಲ್ಲೂಕಿನ ಪಂಚಾಯತಿಗಳು ಪಂಚವಾರ್ಷಿಕ ಯೋಜನೆ ಸಿದ್ಧಪಡಿಸುವಾಗ ಸಾವಿರಾರು ಮಕ್ಕಳು ತಮ್ಮ ಊರನ್ನು ಸುತ್ತಿ, ವಿವರ ಕಲೆಹಾಕಿ, ಬೇಡಿಕೆಗಳನ್ನು ಮುಂದಿಟ್ಟರು. ಅವುಗಳಲ್ಲಿ ಕಾಲುಸಂಕವೂ ಇತ್ತು. ದೊಡ್ಡವರ ಕಣ್ಣಿಗೆ ಬೀಳದುದು ಮಕ್ಕಳಿಗೆ ಕಂಡಿತ್ತು. ಏಕೆಂದರೆ ಅದನ್ನು ದಿನವೂ ದಾಟುತ್ತಿದ್ದವರು ಅವರೇ. ಈಗ ರಾಜ್ಯದ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆಗಳನ್ನು ನಡೆಸಬೇಕೆಂಬ ನಿಯಮವಿದೆ. ಅಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ ವಿದ್ಯಾರ್ಥಿಯು ಮುಂದೆ ಚುನಾವಣೆಗೆ ನಿಲ್ಲಲು ಬೇಕಾದ ಮೊದಲ ಪಾಠವನ್ನು ಕಲಿತಂತೆಯೇ ಸರಿ.

ಸೋತರೆ ಏನು ಗತಿ ಎಂಬ ಅಂಜಿಕೆಯೂ ಕೆಲವರನ್ನು ತಡೆಯುತ್ತದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನು ಜನರ ಮುಂದಿಡಲೆಂದು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿದ ಅವರಿಗೆ ಆ ಚುನಾವಣೆಯಲ್ಲಿ ಗೆಲುವು ದೊರೆಯಲಿಲ್ಲ. ಆ ಸೋಲಿನಿಂದ ಅವರ ಗೌರವ ಕುಂದಿತೇ? ಕೋಟತಟ್ಟು ಗ್ರಾಮ ಪಂಚಾಯತಿಯ ಮುಂದಾಳುತನದಲ್ಲಿ 2005ರಿಂದ ‘ಕಾರಂತ ಹುಟ್ಟೂರ ಪ್ರಶಸ್ತಿ’ಯನ್ನು ನೀಡಲಾಗುತ್ತಿದೆ. ಒಂದು ಹಳ್ಳಿಯ ಪಂಚಾಯತಿಯು ಮನಸ್ಸು ಮಾಡಿದರೆ ಚರಂಡಿ, ದಾರಿದೀಪಗಳ ಜೊತೆಗೆ ಸಂಸ್ಕೃತಿಯನ್ನೂ ಪೋಷಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ನ್ಯಾಯವಾಗಿ ನಿಂತು ಸೋತವನು ತನ್ನ ಪ್ರಶ್ನೆಯನ್ನು ಊರಿನ ಮನಸ್ಸಿನಲ್ಲಿ ಬಿತ್ತಿ ಹೋಗುತ್ತಾನೆ. ಗೆದ್ದವನು ಅದಕ್ಕೆ ಎಂದಾದರೊಂದು ದಿನ ಉತ್ತರಿಸಲೇಬೇಕಾಗುತ್ತದೆ.

ಇಂದು ಒಂಬತ್ತನೆಯ ತರಗತಿಯಲ್ಲಿರುವ ಹುಡುಗ ಹುಡುಗಿಯರು ಕೆಲವೇ ವರ್ಷಗಳಲ್ಲಿ ಮತದಾರರಾಗುತ್ತಾರೆ. ಮತ್ತೆ ಮೂರು ವರ್ಷ ಕಳೆದರೆ ಉಮೇದುವಾರರೂ ಆಗಬಲ್ಲರು. ನಾಮಪತ್ರ ತುಂಬುವ ಮುನ್ನ ಅವರು ತಮ್ಮ ಊರಿನ ಹಳ್ಳದ ದಂಡೆಗೆ ಒಮ್ಮೆ ಹೋಗಿ ನಿಲ್ಲಲಿ. ಮಳೆಗಾಲದಲ್ಲಿ ಅದನ್ನು ದಾಟುವ ಅತ್ಯಂತ ಚಿಕ್ಕ ಮಗು ಯಾವುದೆಂದು ಕೇಳಿ ತಿಳಿಯಲಿ. ಆ ಮಗುವಿನ ಹೆಜ್ಜೆ ಜಾರದಂತೆ ನೋಡಿಕೊಳ್ಳುವ ಮನಸ್ಸುಳ್ಳವರು ಚುನಾವಣೆಗೆ ನಿಲ್ಲಲು ಯೋಗ್ಯರು. ಅಂಥವರನ್ನು ಗುರುತಿಸಿ ಮತ ನೀಡುವ ಊರು ನಿಜವಾಗಿ ಬೆಳೆಯುತ್ತಿರುವ ಊರು.